ನೋವಿನ ಮಾತ್ರೆ ಮತ್ತು ಜಠರದ ಲೋಳೆಪದರ

ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮನೆಗಳಲ್ಲಿ ಎರಡು ಮಾತ್ರೆಗಳು ಹೆಚ್ಚಾಗಿ ಜೊತೆಗೇ ಇರುತ್ತವೆ. ಒಂದು ಸೊಂಟನೋವಿಗೆ, ಇನ್ನೊಂದು ‘ಗ್ಯಾಸ್’ಗೆ. ಎಷ್ಟೋ ಸಲ ಮೊದಲನೆಯ ಮಾತ್ರೆಯೇ ಎರಡನೆಯದರ ಅಗತ್ಯವನ್ನು ಹುಟ್ಟಿಸಿರುತ್ತದೆ. ಅದು ಹೇಗೆಂದು ತಿಳಿಯಲು ಜಠರದ ಒಳಗೋಡೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು.

ಅನ್ನನಾಳದ ಒಳಮೈಯಲ್ಲಿ ನಮ್ಮ ಚರ್ಮದಂತೆ ಜೀವಕೋಶಗಳ ಹಲವು ಪದರಗಳಿವೆ. ಗಟ್ಟಿ ರೊಟ್ಟಿಯ ಅಂಚು ತರಚಿದರೂ ಅದು ತಡೆದುಕೊಳ್ಳುತ್ತದೆ. ಜಠರದ ಬಾಗಿಲಿಗೆ ಬಂದೊಡನೆ ಚಿತ್ರವೇ ಬದಲು. ಅಲ್ಲಿ ಇರುವುದು ಜೀವಕೋಶಗಳ ಒಂದೇ ಒಂದು ಸಾಲು. ಆ ಸಾಲಿನ ನಡುವೆ ಸಣ್ಣ ಸಣ್ಣ ಗುಳಿಗಳು, ಗುಳಿಗಳ ತಳದಲ್ಲಿ ಗ್ರಂಥಿಗಳು. ಗ್ರಂಥಿಯ ಕೆಲವು ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸಿದರೆ, ಇನ್ನು ಕೆಲವು ಮಾಂಸವನ್ನು ಕರಗಿಸುವ ಪೆಪ್ಸಿನ್‌ನ ಮೂಲವಸ್ತುವನ್ನು ಕೊಡುತ್ತವೆ.

ನಾವು ತಿಂದ ಬೋಟಿ ಸಾರು ಕೆಲವೇ ಗಂಟೆಗಳಲ್ಲಿ ಅಲ್ಲಿ ಗಂಜಿಯಾಗುತ್ತದೆ. ಹಾಗಾದರೆ ಮಾಂಸದಿಂದಲೇ ಆದ ನಮ್ಮ ಜಠರ ಯಾಕೆ ಕರಗುವುದಿಲ್ಲ? ಆ ಒಂದು ಸಾಲಿನ ಕೋಶಗಳು ತಮ್ಮ ಮೇಲೆ ದಪ್ಪ ಲೋಳೆಯನ್ನು ಹೊದ್ದುಕೊಳ್ಳುತ್ತವೆ, ಲೋಳೆಯೊಳಗೆ ಕ್ಷಾರವನ್ನು ಬಿಡುತ್ತವೆ. ಜಠರದ ಮಧ್ಯದಲ್ಲಿ ಪಿಎಚ್ 2ರ ಆಸುಪಾಸಿನಲ್ಲಿರುವಾಗ ಲೋಳೆಯ ಅಡಿಯಲ್ಲಿ ಅದು 7ರ ಹತ್ತಿರವಿರುತ್ತದೆ. ಈ ಕೋಶಗಳ ಆಯುಷ್ಯ 3ರಿಂದ 6 ದಿನ ಮಾತ್ರ. ಸವೆದವು ಉದುರುತ್ತವೆ, ಗುಳಿಯೊಳಗಿಂದ ಹೊಸವು ಮೇಲೇರುತ್ತವೆ. ಹೋದ ಜುಮಾ ದಿನ ಇದ್ದ ಒಳಮೈ ಈ ಜುಮಾಕ್ಕೆ ಬಹುಪಾಲು ಇಲ್ಲ. ಅಲ್ಲಾಹನ ಈ ಏರ್ಪಾಡು ನಮ್ಮ ಅರಿವಿಗೆ ಬಾರದೆಯೇ ನಡೆಯುತ್ತಿರುತ್ತದೆ.

ಲೋಳೆ, ಕ್ಷಾರ, ರಕ್ತಸಂಚಾರ ಈ ಮೂರಕ್ಕೂ ಅಪ್ಪಣೆ ಕೊಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು. ಮಂಡಿ, ಸೊಂಟದಲ್ಲಿ ನೋವು ಮತ್ತು ಊತ ಹೆಚ್ಚಿಸುವುದೂ ಅದೇ ಕುಟುಂಬದ ವಸ್ತುಗಳೇ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಅವುಗಳ ತಯಾರಿಕೆಯನ್ನು ತಡೆಯುತ್ತವೆ. ಮಂಡಿ ಯಾವುದು, ಜಠರ ಯಾವುದು ಎಂಬ ಭೇದ ಮಾತ್ರೆಗೆ ಗೊತ್ತಿಲ್ಲ. ಅದು ರಕ್ತದ ಮೂಲಕವೂ ಜಠರವನ್ನು ತಲುಪುವುದರಿಂದ, ಇಂಜೆಕ್ಷನ್ ಹಾಕಿಸಿಕೊಂಡರೂ ಅಪಾಯ ಇದ್ದೇ ಇದೆ. ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾಗಬಹುದು, ಹುಣ್ಣಿನ ಭಯ ಪೂರ್ತಿ ಹೋಗುವುದಿಲ್ಲ.

ಹುಣ್ಣಿಗೆ ಖಾರವೇ ಕಾರಣವೆಂದು ಬಹಳ ಕಾಲ ನಂಬಿದ್ದೆವು. 1982ರಲ್ಲಿ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಈ ಲೋಳೆಯಲ್ಲೇ ಬದುಕುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಈ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ.

ಹುಣ್ಣು ಆಳಕ್ಕಿಳಿದು ರಕ್ತನಾಳವನ್ನು ಮುಟ್ಟಿದರೆ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ವಾಸನೆಯಿಂದ ಬರುತ್ತದೆ. ವಾಂತಿ ಕಾಫಿಪುಡಿಯಂತೆ ಕಾಣಬಹುದು, ತಲೆಸುತ್ತು ಬರಬಹುದು. ವಯಸ್ಸಾದವರಲ್ಲಿ ಕೆಲವೊಮ್ಮೆ ಹೊಟ್ಟೆನೋವೇ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ನನ್ನಂಥ ಹಕೀಮರ ಬಳಿಗೂ ಬರಬೇಡಿ, ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ. ಯಾವ ಜವಾರಿಶ್ ಕೂಡ ರಕ್ತ ಸೋರುವ ನಾಳವನ್ನು ಮುಚ್ಚುವುದಿಲ್ಲ. (ಕಬ್ಬಿಣದ ಮಾತ್ರೆ ತಿನ್ನುವ ಗರ್ಭಿಣಿಯರ ಮಲವೂ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ.)

ನಮ್ಮ ಯುನಾನಿಯಲ್ಲಿ ಎದೆಯುರಿಗೆ ಮುಲೇಠಿ ಕೊಡುವುದುಂಟು. ಬಿಪಿ ಇರುವವರು ಅದನ್ನು ತಾವಾಗಿ ತಿನ್ನಬಾರದು, ಒತ್ತಡ ಏರುತ್ತದೆ. ‘ಹಕೀಮಿ ಪುಡಿ’ ಎಂದು ಲೇಬಲ್ ಇಲ್ಲದೆ ಮಾರುವ ಮಂಡಿನೋವಿನ ಪುಡಿಯಲ್ಲಿ ಅರ್ಧ ಗಂಟೆಗೇ ನೋವು ಮಾಯವಾದರೆ ಅನುಮಾನಪಡಿ. ಅದರಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿರಬಹುದು.

ಸೊಂಟನೋವಿನ ಮಾತ್ರೆಯನ್ನು ಕೆಲವು ದಿನಗಳಿಗಿಂತ ಹೆಚ್ಚು ನುಂಗಬೇಕಾಗಿ ಬಂದರೆ ವೈದ್ಯರಿಗೆ ತೋರಿಸಿ. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ಈ ಲೇಖನ ಓದಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ರಮಝಾನಿನಲ್ಲಿ ಸಹರಿಗೆ ಎರಡು ಮಾತ್ರೆ ನುಂಗಿ ರೋಝಾ ಹಿಡಿಯುವ ಅಭ್ಯಾಸವೂ ನಮ್ಮಲ್ಲಿದೆ. ಹುಣ್ಣು ಇನ್ನೂ ಮಾಗದವರಿಗೆ ಇದು ಅಪಾಯಕಾರಿ. ರೋಗಿಗೆ ರೋಝಾ ಮುಂದೂಡುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ರಮಝಾನಿಗೆ ಮೊದಲೇ ವೈದ್ಯರ ವರದಿ ಹಿಡಿದು ಆಲಿಮರ ಬಳಿ ಹೋಗಿ ಮಾತಾಡಿ.