ತೋಳೆಂಬ ಸನ್ನೆ: ಭಾರ ಎತ್ತುವ ಸರಿಯಾದ ಕ್ರಮ

ಕುಂದಾಣದ ಸುತ್ತಮುತ್ತ ಕಲ್ಲುಕೆಲಸ ಮಾಡುವವರನ್ನು ನೀವು ನೋಡಿರಬಹುದು. ಬರಿಗೈಯಿಂದ ಅಲುಗದ ಬಂಡೆಯನ್ನು ಒಬ್ಬನೇ ಆಳು ಹಾರೆಯಿಂದ ಮೀಟಿ ಕದಲಿಸುತ್ತಾನೆ. ಬಂಡೆಯು ಹಾರೆಯ ಆನಿಕೆಗೆ ಹತ್ತಿರದಲ್ಲಿಯೂ ಅವನ ಕೈಗಳು ದೂರದಲ್ಲಿಯೂ ಇರುವುದೇ ಇದಕ್ಕೆ ಕಾರಣ. ಇಂತಹ ಸಾಧನಕ್ಕೆ ಸನ್ನೆ ಎಂದು ಹೆಸರು. ನಮ್ಮ ತೋಳೂ ಒಂದು ಸನ್ನೆಯೇ. ಆದರೆ ಅದರ ಏರ್ಪಾಡು ಹಾರೆಗೆ ತೀರ ವಿರುದ್ಧವಾದುದು.

ತೋಳಿನಲ್ಲಿ ಮೊಣಕೈ ಕೀಲೇ ಆನಿಕೆ. ಮೇಲ್ದೋಳಿನ ಮುಂಭಾಗದಲ್ಲಿರುವ ಬೈಸೆಪ್ಸ್ ಎಂಬ ಸ್ನಾಯು ಕುಗ್ಗಿದಾಗ ಮುಂಗೈ ಮೇಲಕ್ಕೆ ಮಡಿಯುತ್ತದೆ. ಈ ಸ್ನಾಯು ಮೂಳೆಗೆ ಸೇರಿಕೊಂಡಿರುವುದು ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ಅಂಗೈಯಲ್ಲಿರುವ ಭಾರವಾದರೋ ಸುಮಾರು 32 ಸೆಂಟಿಮೀಟರ್ ದೂರದಲ್ಲಿರುತ್ತದೆ. ಆದುದರಿಂದ ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ 5 ಕಿಲೋಗ್ರಾಂ ರಾಗಿಯನ್ನು ಹಿಡಿದರೆ, ಸ್ನಾಯುಗಳು ಅದರ ಎಂಟರಷ್ಟು, ಅಂದರೆ ಸುಮಾರು 40 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ.

ಇದು ಪ್ರಕೃತಿಯ ತಪ್ಪಲ್ಲ. ಸ್ನಾಯು 1 ಸೆಂಟಿಮೀಟರ್ ಕುಗ್ಗಿದರೆ ಅಂಗೈ ಸುಮಾರು 8 ಸೆಂಟಿಮೀಟರ್ ಚಲಿಸುತ್ತದೆ. ಬಲದಲ್ಲಿ ಕಳೆದುಕೊಂಡುದನ್ನು ವೇಗದಲ್ಲಿ ಪಡೆಯುತ್ತೇವೆ. ಕುಡುಗೋಲು ಬೀಸಲು, ಬೀಳುವ ಮಗುವನ್ನು ತಟ್ಟನೆ ಹಿಡಿಯಲು ಈ ವೇಗವೇ ಬೇಕು.

ಬೆನ್ನಿಗೂ ಇದೇ ನಿಯಮ ಅನ್ವಯಿಸುತ್ತದೆ. ಭಾರವು ದೇಹದಿಂದ ದೂರವಾದಷ್ಟೂ ಬೆನ್ನಿನ ಸ್ನಾಯುಗಳ ಮೇಲಿನ ಹೊರೆ ಹೆಚ್ಚುತ್ತದೆ. 15 ಲೀಟರ್ ನೀರಿನ ತೂಕ 15 ಕಿಲೋಗ್ರಾಂ. ಅಂತಹ ಕೊಡವನ್ನು ಕೈಚಾಚಿ, ಸೊಂಟ ಬಗ್ಗಿಸಿ ಎತ್ತಬಾರದು. ಕೊಡದ ಹತ್ತಿರಕ್ಕೆ ಹೋಗಿ, ಮಂಡಿ ಮಡಿಸಿ ಕುಳಿತು, ಅದನ್ನು ಮೈಗೆ ಒತ್ತಿ ಹಿಡಿದು, ಕಾಲುಗಳ ಬಲದಿಂದ ಏಳಬೇಕು. ಕೊಡವನ್ನು ಸೊಂಟಕ್ಕೆ ಆನಿಸಿಕೊಳ್ಳುವ ನಮ್ಮ ತಾಯಂದಿರ ರೂಢಿಯಲ್ಲಿ ಈ ತಿಳಿವಳಿಕೆ ಅಡಗಿದೆ. ಆದರೆ ಆಗಾಗ್ಗೆ ಪಕ್ಕ ಬದಲಿಸುವುದು ಒಳ್ಳೆಯದು. ದೊಡ್ಡ ಕೊಡದ ಬದಲು ಚಿಕ್ಕ ಕೊಡದಲ್ಲಿ ಎರಡು ಬಾರಿ ತರುವುದು ಇನ್ನೂ ಲೇಸು.

ಗರ್ಭಿಣಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬೆಳೆದ ಹೊಟ್ಟೆಯು ಭಾರವನ್ನು ಬೆನ್ನಿನಿಂದ ದೂರ ತಳ್ಳುತ್ತದೆ. ಕೀಲುಗಳ ಕಟ್ಟುಗಳೂ ಆ ಕಾಲದಲ್ಲಿ ಸಡಿಲಗೊಂಡಿರುತ್ತವೆ. ಆಕೆ ಭಾರವಾದ ಕೊಡ, ಮೂಟೆಗಳನ್ನು ಎತ್ತಬಾರದು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾದ ಮಹಿಳೆ ಕನಿಷ್ಠ ಒಂದು ವಾರ, ಸಿಸೇರಿಯನ್ ಹೆರಿಗೆಯಾದವರು ಸುಮಾರು ಆರು ವಾರ ಭಾರ ಎತ್ತದಿರಬೇಕು. ಕೈಕಾಲು ಜೋಮು ಹಿಡಿದರೆ ಅಥವಾ ಬೆನ್ನುನೋವು ಕಡಮೆಯಾಗದಿದ್ದರೆ ವೈದ್ಯರನ್ನು ಕಾಣಿರಿ.

ಈ ದಿನಗಳಲ್ಲಿ ನೀರು ತರುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಬೇಕು. ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಅದೂ ಕುಟುಂಬ ಕಲ್ಯಾಣದ ಕೆಲಸವೇ.