ಮೊದಲು ಅಜ್ಜಿಗೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ

ಮಕ್ಕಳೇ, ಇಂಗ್ಲಿಷ್ ಪ್ರಬಂಧ ಬರೆಯಲು ಕೂತೊಡನೆ ಏನೂ ತೋಚುವುದಿಲ್ಲವೇ? ವಿಚಾರ, ಪದ ಎರಡನ್ನೂ ಒಟ್ಟಿಗೇ ಹುಡುಕುವುದರಿಂದ ಹಾಗಾಗುತ್ತದೆ.

ವಿಷಯ ‘ಮಳೆಗಾಲ’ ಎಂದುಕೊಳ್ಳಿ. ನೆನಪಾದದ್ದನ್ನೆಲ್ಲ ಕನ್ನಡದಲ್ಲೇ ಚೀಟಿಗಳಲ್ಲಿ ಬರೆಯಿರಿ: ನಾಟಿ, ಕೆಸರು, ಸೋರುವ ಸೂರು, ಬಿಸಿ ಹಪ್ಪಳ, ಒದ್ದೆಯಾದ ಪುಸ್ತಕ. ಹೊಲದ್ದು, ಮನೆಯದ್ದು, ಶಾಲೆಯದ್ದು ಎಂದು ಗುಂಪು ಮಾಡಿ. ಒಂದು ಗುಂಪಿಗೆ ಒಂದು ಪ್ಯಾರಾ. ಯಾವುದು ಮೊದಲು, ಯಾವುದು ಕೊನೆಗೆ ಎಂದು ಜೋಡಿಸಿ ಅಜ್ಜಿಗೆ ಹೇಳಿ.

ಅಜ್ಜ-ಅಜ್ಜಿಯರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಸರಿ, ‘ಯಾಕೆ? ಆಮೇಲೆ?’ ಎಂದು ಕೇಳುತ್ತಿರಿ. ಮಗು ತಡವರಿಸಿದಲ್ಲಿ ಇನ್ನೊಂದು ಚೀಟಿ ಬೇಕು.

ಈಗ ಇಂಗ್ಲಿಷಿನಲ್ಲಿ ಬರೆಯಿರಿ. ‘ನಾನು ಮಳೆ ನೋಡಿದೆ’ ಎನ್ನುವಾಗ ಕನ್ನಡದಲ್ಲಿ ‘ನೋಡಿದೆ’ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ತಪ್ಪಾದರೆ ಅಂಜಬೇಡಿ. ಪ್ರಬಂಧವೆಂದರೆ ಇಂಗ್ಲಿಷಿನಲ್ಲಿ ‘ಎಸ್ಸೇ’. ಆ ಪದದ ಫ್ರೆಂಚ್ ಮೂಲಕ್ಕೆ ‘ಪ್ರಯತ್ನ’ ಎಂದೇ ಅರ್ಥ!