ಇಸ್ತ್ರಿ ಪೆಟ್ಟಿಗೆಯ ವೈರಿಗೆ ಟೇಪು ಸುತ್ತಬೇಡಿ

ನಿಮ್ಮ ಇಸ್ತ್ರಿ ಪೆಟ್ಟಿಗೆಯ ವೈರು ಹಿಡಿಕೆಯ ಬಳಿ ಸವೆದು ಒಳಗಿನ ತಂತಿ ಇಣುಕುತ್ತಿದೆಯೇ? "ಇನ್ನೊಂದೆರಡು ದಿನ ನಡೀತದ ಬಿಡ್ರಿ" ಎಂದು ಟೇಪು ಸುತ್ತುವವರೇ ಹೆಚ್ಚು. ಕೃಷ್ಣೆಯ ದಂಡೆಯ ತಂಗಡಗಿಯಿಂದ ಇಷ್ಟಕ್ಕಾಗಿ ಮುದ್ದೇಬಿಹಾಳಕ್ಕೆ ಹೋಗಿಬರಲು ಪುರುಸೊತ್ತೆಲ್ಲಿ, ನಿಜ. ಆದರೆ ಪೆಟ್ಟಿಗೆಯ ಕಾವಿಗೆ ಟೇಪಿನ ಅಂಟು ಬಿಡುತ್ತದೆ. ಕೈ ಒದ್ದೆಯಿದ್ದರಂತೂ 230 ವೋಲ್ಟಿನ ಕರೆಂಟು ಜೀವಕ್ಕೇ ಎರವಾದೀತು. ವೈರನ್ನೇ ಬದಲಿಸಿ.

ಅಂಗಡಿಯಲ್ಲಿ ಬಟ್ಟೆ ಹೊದಿಕೆಯ, ಮೂರು ತಂತಿಯ ಇಸ್ತ್ರಿ ವೈರನ್ನೇ ಕೇಳಿ. ಸಾದಾ ಪ್ಲಾಸ್ಟಿಕ್ ವೈರು ಕಾವಿಗೆ ಮೆತ್ತಗಾಗುತ್ತದೆ. ಪ್ಲಗ್ಗು ಕಿತ್ತು, ಪೆಟ್ಟಿಗೆ ಪೂರ್ತಿ ಆರಿದ ಮೇಲೆ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ. ಯಾವ ತಂತಿ ಎಲ್ಲಿತ್ತೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಂಪು ಅಥವಾ ಕಂದು ಫೇಸು. ಕಪ್ಪು ಅಥವಾ ನೀಲಿ ನ್ಯೂಟ್ರಲ್. ಹಸಿರು ಇಲ್ಲವೇ ಹಸಿರು-ಹಳದಿ ಅರ್ಥಿಂಗ್. ಎಳೆಗಳನ್ನು ಹುರಿ ಮಾಡಿ ಸ್ಕ್ರೂ ಬಿಗಿಯಿರಿ. ಒಂದೆಳೆಯೂ ಹೊರಗೆ ಚಾಚಿರಬಾರದು. ವೈರನ್ನು ಹಿಡಿದಿಡುವ ಕ್ಲಿಪ್ಪನ್ನು ಮರೆಯದೆ ಬಿಗಿಯಿರಿ.

ಅರ್ಥಿಂಗ್ ತಂತಿಯನ್ನು ಕೆಲವರು "ಇದಿಲ್ಲದಿದ್ರೂ ಕಾಯ್ತದಲ್ಲ" ಎಂದು ಕತ್ತರಿಸಿಬಿಡುತ್ತಾರೆ. ಪೆಟ್ಟಿಗೆಯೇನೋ ಕಾಯುತ್ತದೆ, ನಿಮ್ಮನ್ನು ಕಾಯುವವರು ಯಾರು? ಅದರ ಒಂದು ತುದಿ ಪೆಟ್ಟಿಗೆಯ ಲೋಹದ ಮೈಗೆ, ಇನ್ನೊಂದು ಪ್ಲಗ್ಗಿನ ದಪ್ಪ ಪಿನ್ನಿಗೆ ಸೇರಲೇಬೇಕು. ಮನೆಯ ಸಾಕೆಟ್ಟಿಗೂ ಅರ್ಥಿಂಗ್ ಇರಬೇಕು.

ಪ್ಲಗ್ಗು ಹಾಕುವ ಮುಂಚೆ ತಿಳಿದ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಬಿಚ್ಚಲು ಬಾರದ ಪೆಟ್ಟಿಗೆಯಾದರೆ ಅವರಿಗೇ ಕೊಟ್ಟುಬಿಡಿ. ಹಾಂ, ಇಸ್ತ್ರಿ ಮುಗಿದೊಡನೆ ಬಿಸಿ ಪೆಟ್ಟಿಗೆಗೆ ವೈರು ಸುತ್ತಿಡಬೇಡಿ. ಹೊಸ ವೈರು ಹಾಳಾಗುವುದೂ ಹಾಗೆಯೇ.